ವ್ಯಾನು ನೋಡಿಕೊಡುತ್ತಿದ್ದ ಸರ್

“ಹೆಣ್ಣುಮಗಳ ಹೆಸರಿನಾಗ ಗಾಡಿ ಅಂದ್ರ ಅದು ಆಗದ ಮಾತು, ಬಿಡು” ಎಂದವನು ನಮ್ಮ ದೊಡ್ಡಪ್ಪ. ಎಮ್ಮಿಗನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಹೇಳಿದ. ಒಳಗೆ ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು, ಈ ಸಲ ಸ್ವಲ್ಪ ಜೋರಾಗಿ.

ನಾನು ಡಿಗ್ರಿ ಕಟ್ಟುತ್ತೇನೆ ಎಂದಾಗಲೂ ದೊಡ್ಡಪ್ಪ ಅದೇ ಕಟ್ಟೆಯ ಮೇಲೆ ಅದೇ ಮಾತು ಹೇಳಿದ್ದ. ಅದು ಆಯಿತು. ನಮ್ಮ ಮನೆತನದಲ್ಲಿ ಮೊದಲ ಬಿ.ಕಾಂ. ನಾನು. ಸಂಡೂರಿನ ಕಡೆ ಅದಿರಿನ ಲಾರಿಗಳನ್ನು ತೂಗುವ ಕಟ್ಟೆಯಲ್ಲಿ ನಂಬರು ಬರೆಯುತ್ತ, ಲಾರಿಗೂ ಲಾರಿಗೂ ನಡುವೆ ಪುಸ್ತಕ ತೆರೆದು ಓದಿ ಪಾಸಾದವನು. ಅಂಚೆಯಲ್ಲಿ ಬಂದ ಆ ಪುಸ್ತಕಗಳ ಅಂಚು ಇವತ್ತಿಗೂ ಕೆಂಪಗಿದೆ. ನಾನು ಓದಲೆಂದು ಅಕ್ಕ ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಊರವರ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದಳು. ಇದನ್ನೆಲ್ಲ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಸಂಕೋಚವಿಲ್ಲ.

ಅಕ್ಕನಿಗೆ ಬೇಕಾಗಿದ್ದುದು ಮಕ್ಕಳನ್ನು ಕೂರಿಸಿಕೊಳ್ಳುವಂಥ ಒಂದು ಹಳೆಯ ವ್ಯಾನು. ನಮ್ಮೂರಿನ ಹುಡುಗರು ಕಂಪ್ಲಿಯ ಶಾಲೆಗಳಿಗೆ ಹೋಗುತ್ತಾರೆ. ಬಸ್ಸಿನ ಹೊತ್ತಿಗೂ ಶಾಲೆಯ ಗಂಟೆಗೂ ಹೊಂದಿಕೆಯೇ ಇಲ್ಲ. ಅವರನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವ ಕೆಲಸ ತಾನೇ ಮಾಡುತ್ತೇನೆ ಎಂದು ಅವಳು ನಿಶ್ಚಯಿಸಿದ್ದಳು. ಕಬ್ಬಿನ ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿತ್ತು, ಲೈಸೆನ್ಸೂ ಆಗಿತ್ತು. ಆದರೆ ಒಂದು ಭಯ. ಗಾಡಿ ದಾರಿಯಲ್ಲಿ ಒಂದು ಸಲ ನಿಂತರೆ ಸಾಕು, ಊರವರು ಮರುದಿನ ಮಕ್ಕಳನ್ನು ಕಳಿಸುವುದಿಲ್ಲ. ಗಂಡಸಿನ ಗಾಡಿ ನಿಂತರೆ ಅದು ಗಾಡಿಯ ತಪ್ಪು, ಅವಳದು ನಿಂತರೆ ಅವಳ ತಪ್ಪು. ಆದ್ದರಿಂದ ಗಾಡಿ ಗಟ್ಟಿಯಿರಬೇಕು.

“ನಾ ನೋಡಿ ಕೊಡಿಸ್ತೀನಿ ಅಕ್ಕ” ಎಂದೆ. ನನ್ನ ಓದಿನ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿರಲಿಲ್ಲ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನೀನಾ? ನಿಮ್ಮ ಕಾಲೇಜಿನಾಗ ಒಬ್ರು ಸರ್ ಅದಾರಂತಲ್ಲ, ಹಳೇ ವ್ಯಾನು ನೋಡಿಕೊಡೋರು. ಅವರ್ನ ಕೇಳಿ ನೋಡ್ಲೇ.”

ಹೊಸಪೇಟೆಯಿಂದ ಎಮ್ಮಿಗನೂರಿನ ತನಕ ಅವರ ಹೆಸರು ಹೋಗಿ ಮುಟ್ಟಿತ್ತು.

ಆ ಸರ್ ಈಗಿಲ್ಲ. ಶ್ರಾವಣದಲ್ಲಿ ತೀರಿಕೊಂಡರು. ಅವರ ಬಗ್ಗೆ ಒಳ್ಳೆಯ ಮಾತಾಡಲು ಊರ ತುಂಬ ಜನರಿದ್ದಾರೆ. ನಾನೂ ಕಾಲೇಜಿನ ಸಂತಾಪ ಸಭೆಯಲ್ಲಿ ನಾಲ್ಕು ಮಾತಾಡಿದೆ. ಅಲ್ಲಿ ಹೇಳದೆ ಉಳಿದದ್ದು ಒಂದಿದೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರು ಇದ್ದಾಗಲೂ ಇತ್ತು, ಈಗಲೂ ಇದೆ. ಅವರು ಎಂಥವರೆಂದು ಹೇಳಬೇಕಾದರೆ ಇದನ್ನು ಬಿಟ್ಟು ಹೇಳಲು ನನಗೆ ಬರುವುದಿಲ್ಲ.

ಅವರು ರಾಜ್ಯಶಾಸ್ತ್ರದ ಅಧ್ಯಾಪಕರು, ನಾನು ಅದೇ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಹೊಸಪೇಟೆಯ ಹಳೆಯ ವೈಷ್ಣವ ಮನೆತನ. ಹಣೆಯ ಮೇಲೆ ಅಂಗಾರ, ಅಕ್ಷತೆ, ಅರ್ಧ ತೋಳಿನ ಬಿಳಿ ಅಂಗಿ, ಇಸ್ತ್ರಿಯ ಗೆರೆ ಸಂಜೆಯವರೆಗೂ ಮುರಿಯುತ್ತಿರಲಿಲ್ಲ. ಅವರ ಅಜ್ಜನೂ ಪದವೀಧರ. ಅವರ ಮನೆಯ ಪಡಸಾಲೆಯಲ್ಲಿ ಘಟಿಕೋತ್ಸವದ ನಿಲುವಂಗಿ ತೊಟ್ಟವರ ಫೋಟೋಗಳು ಸಾಲಾಗಿವೆ. ಒಂದರ ಗಾಜು ಒಡೆದಿತ್ತು, ಯಾರೂ ಹಾಕಿಸಿರಲಿಲ್ಲ. ನಮ್ಮ ಮನೆಯಲ್ಲಿ ಅಂಥದ್ದು ಒಂದೇ ಇದೆ. ಅದನ್ನು ವಾರಕ್ಕೊಮ್ಮೆ ಒರೆಸುತ್ತೇವೆ.

ನನ್ನನ್ನು “ಬಿ.ಕಾಂ. ಸಾಹೇಬ್ರ” ಎಂದು ಕರೆಯುತ್ತಿದ್ದರು. ಅದು ಗೌರವವೋ ಚೇಷ್ಟೆಯೋ ಕೊನೆಯವರೆಗೂ ನನಗೆ ತಿಳಿಯಲಿಲ್ಲ. ಒಂದು ಸಲ ಕೇಳಿಯೇಬಿಟ್ಟೆ. “ಸರ್, ನೀವು ಎಂ.ಎ. ಮಾಡೀರಿ. ನಿಮಗ್ಯಾರೂ ಎಂ.ಎ. ಸಾಹೇಬ್ರ ಅನ್ನಂಗಿಲ್ಲಲ್ರಿ?”

“ನಾ ಎಲ್ಲಿ ಮಾಡೀನಪಾ? ಮನ್ಯಾಗ ಎಲ್ಲಾರೂ ಮಾಡಿದ್ರು, ನನಗೂ ಮಾಡಿಸಿದ್ರು. ನೀವು ಮಾಡೀರಿ” ಎಂದು ನಕ್ಕು ಕ್ಲಾಸಿಗೆ ಹೋದರು. ಇದಕ್ಕೆ ಹೇಗೆ ಸಿಟ್ಟಾಗುವುದು? ಅದೇ ನನಗೆ ಸಿಟ್ಟು.

ವ್ಯಾನಿನ ಹುಚ್ಚು ಅವರಿಗೆ ಹತ್ತಿದ್ದು ಮೋಸ ಹೋದ ಮೇಲೆ. ಮೊದಲ ಸಲ ಒಂದು ಹಳೆಯ ವ್ಯಾನು ಕೊಂಡು, ಅದಕ್ಕೆ ಹಾರ ಹಾಕಿ, ತಾಯಿ, ಹೆಂಡತಿ, ಅತ್ತಿಗೆ, ಮಕ್ಕಳು ಎಲ್ಲರನ್ನೂ ತುಂಬಿಕೊಂಡು ಮಂತ್ರಾಲಯಕ್ಕೆ ಹೊರಟರಂತೆ. ಆದವಾನಿ ದಾಟಿದ ಮೇಲೆ ಬಟಾಬಯಲಿನಲ್ಲಿ ಅದು ನಿಂತಿತು. ಮಡಿಯುಟ್ಟ ತಾಯಿ ಜಾಲಿಮರದ ಕೆಳಗೆ ಸಂಜೆಯವರೆಗೆ ಕೂತರು. “ನಮ್ಮ ಅವ್ವ ರಾಯರಿಗೆ ಕ್ಷಮಾ ಮಾಡಿದ್ಲು, ನನಗ ಮಾಡ್ಲಿಲ್ಲ” ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಆಮೇಲೆ ಗ್ಯಾರೇಜುಗಳ ಮುಂದೆ ನಿಂತು, ಕೇಳಿ, ನೋಡಿ, ಹಳೆ ವ್ಯಾನು ನೋಡುವುದನ್ನು ಕಲಿತರು. ಸ್ಪ್ಯಾನರು ಹಿಡಿಯಲು ಬರುತ್ತಿರಲಿಲ್ಲ. “ನನಗ ರಿಪೇರಿ ಬರೂದಿಲ್ಲ. ನೋಡ್ಲಿಕ್ಕೆ ಬರ್ತದ” ಎನ್ನುತ್ತಿದ್ದರು.

ಅವರು ಗಾಡಿ ನೋಡುವುದನ್ನು ನೋಡಲು ಜನ ಸೇರುತ್ತಿದ್ದರು. ಮೊದಲು ಮಾರುವವನ ಜೊತೆ ಚಹಾ. “ಗಾಡಿಗಿಂತ ಮೊದಲ ಗಾಡಿ ಮಾರೋವನ್ನ ಸ್ಟಾರ್ಟ್ ಮಾಡಬೇಕು” ಎಂಬುದು ಅವರ ಸೂತ್ರ. ಯಾಕೆ ಮಾರುತ್ತೀರಿ ಎಂದು ಬಂದ ಕೂಡಲೇ ಕೇಳುವರು, ಟೈರು ನೋಡುವಾಗ ಇನ್ನೊಮ್ಮೆ, ಹೊರಡಲು ಚಪ್ಪಲಿ ಮೆಟ್ಟುವಾಗ ಮತ್ತೊಮ್ಮೆ. ಉತ್ತರ ಬದಲಾದರೆ ಗಾಡಿಯನ್ನು ಅಲ್ಲಿಗೇ ಬಿಡುವರು. ಇಂಜಿನ್ ಬೆಚ್ಚಗಿದ್ದರೆ ಮುಟ್ಟುತ್ತಿರಲಿಲ್ಲ. “ಮೊದಲ ಕಾಯಿಸಿಟ್ಟಾರಂದ್ರ ಮುಂಜಾನೆ ತಣ್ಣಗಿದ್ದಾಗ ಏನೋ ತಕರಾರು ಮಾಡ್ತದ. ನಾಳೆ ಬರ್ತೀವಿ” ಎಂದು ಎದ್ದುಬಿಡುವರು. ಮೀಟರಿನ ಅಂಕಿ ನೋಡುತ್ತಲೇ ಇರಲಿಲ್ಲ. ಬ್ರೇಕ್ ಪೆಡಲಿನ ರಬ್ಬರು ನೋಡುತ್ತಿದ್ದರು. ಅಂಕಿಯನ್ನು ಹಿಂದಕ್ಕೆ ತಿರುಗಿಸಬಹುದು, ಸವೆದ ರಬ್ಬರನ್ನು ಬೆಳೆಸಲಾಗದು. ಇಂಜಿನ್ ಹಚ್ಚಿ, ಹಿಂದೆ ಹೋಗಿ, ಹೊಗೆ ಬರುವ ಕೊಳವೆಗೆ ತಮ್ಮ ಬಿಳಿ ಕರವಸ್ತ್ರ ಹಿಡಿಯುವರು. ಅದರ ಮೇಲೆ ಎಣ್ಣೆಯ ಕಲೆ ಮೂಡಿದರೆ ಮಾತು ಮುಗಿಯಿತು.

“ನಮ್ಮ ಕಡೆ ಹಳೇ ವ್ಯಾನಂದ್ರ ಮೂರು ಊರಿಂದು. ಹಂಪಿ ಗಾಡಿಗೆ ಬಾಗಿಲ ನೋಡಬೇಕು, ಕಂಪ್ಲಿ ಗಾಡಿಗೆ ಬೆಲ್ಟ್ ನೋಡಬೇಕು, ಸಂಡೂರು ಗಾಡಿಗೆ ಎಲ್ಲಾ ನೋಡಬೇಕು” ಎಂದು ಹೇಳುತ್ತಿದ್ದರು. ಹಂಪಿಯಲ್ಲಿ ಪ್ರವಾಸಿಗರನ್ನು ಹೊತ್ತ ಗಾಡಿಯ ಪಕ್ಕದ ಜಾರುವ ಬಾಗಿಲು ಗುಡಿಗೊಮ್ಮೆ ತೆರೆದು ಮುಚ್ಚಿಸಿಕೊಂಡು ಹಳಿ ಸವೆದು ಜೋತುಬಿದ್ದಿರುತ್ತದೆ. ಕಮಲಾಪುರದವನೊಬ್ಬ ತನ್ನದು ಮನೆಯ ಗಾಡಿ ಎಂದು ಆಣೆ ಮಾಡಿದಾಗ, ಸರ್ ಒಂದೇ ಬೆರಳಿನಿಂದ ಬಾಗಿಲು ಎಳೆದರು. ಅದು ಅರ್ಧಕ್ಕೆ ನಿಂತು ಗಡಗಡ ಅಂದಿತು. “ನಿಮ್ಮ ಮನ್ಯಾಗ ಎಷ್ಟು ಮಂದಿ ಇದ್ದೀರಿ? ವಿಠ್ಠಲನ ಗುಡಿಗೆ ಬಂದವ್ರೆಲ್ಲಾ ನಿಮ್ಮ ಬೀಗರೇನು?” ಎಂದರು. ಆತನೂ ನಕ್ಕುಬಿಟ್ಟ.

ಕಂಪ್ಲಿಯದು ಬೇರೆ. ಡ್ಯಾಮಿನ ಗೇಟು ಎತ್ತಿದಾಗ ಹೊಳೆಯ ದಂಡೆಯ ಓಣಿಗಳಿಗೆ ನೀರು ಬರುತ್ತದೆ. ಮುಳುಗಿದ ಗಾಡಿಯನ್ನು ತೊಳೆದು, ಒಣಗಿಸಿ, ಊದಿನಕಡ್ಡಿ ಹಚ್ಚಿ ಮಾರುತ್ತಾರೆ. ನಮ್ಮ ಇಂಗ್ಲಿಷ್ ಮೇಡಂ ಅಂಥದೊಂದನ್ನು ಮೆಚ್ಚಿ ಮುಂಗಡ ಕೊಡಲು ನಿಂತಿದ್ದರು. ಸರ್ ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದರು. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ. ಆ ಗೆರೆಯನ್ನು ತಮ್ಮ ಎದೆಗೆ ಹಿಡಿದು ತೋರಿಸಿ, “ಮೇಡಂ, ತಾಯಿ ತುಂಗಭದ್ರೆ ಇಲ್ಲೀತನಕ ಬಂದು ಹೋಗ್ಯಾಳ. ಇದು ಸ್ನಾನ ಮಾಡಿದ ಗಾಡಿ” ಎಂದರು. ಮೇಡಂ ಆ ಮಾತನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು.

ನನಗೆ ಎಲ್ಲಕ್ಕಿಂತ ಕಿಚ್ಚು ಹಚ್ಚುತ್ತಿದ್ದುದು ಇನ್ನೊಂದು. ಅವರ ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಹಳೆಯ ಚಾದರ ಇರುತ್ತಿತ್ತು. ಅದನ್ನು ನಡುಬೀದಿಯಲ್ಲಿ ಹಾಸಿ, ಅಂಗಾತ ಮಲಗಿ, ಗಾಡಿಯ ಕೆಳಗೆ ಸರಿದು ತುಕ್ಕು, ಬೆಸುಗೆ, ಎಣ್ಣೆ ಸೋರಿಕೆ ನೋಡುತ್ತಿದ್ದರು. ಮೇಲೆದ್ದಾಗ ಬೆನ್ನಿಗೆ ಧೂಳು. ಸುತ್ತಲಿದ್ದವರು ಓಡಿಬಂದು ಕೊಡವುತ್ತಿದ್ದರು. “ಎಂಥಾ ದೊಡ್ಡ ಮನುಷ್ಯಾರು ನೋಡ್ರಿ, ಮಣ್ಣಾಗ ಮಲಗ್ತಾರ” ಎನ್ನುತ್ತಿದ್ದರು. ನಾನು ಹಾಗೆ ಮಲಗಿದರೆ ಯಾರು ಏನೆನ್ನುತ್ತಿದ್ದರು? ಕೂಲಿಯವನ ಮಗ ಮಣ್ಣಿನಲ್ಲಿ ಮಲಗುವುದರಲ್ಲಿ ಏನು ವಿಶೇಷ? ಮಣ್ಣಿನಿಂದ ಎದ್ದು ಕುರ್ಚಿಯ ಮೇಲೆ ಕೂರಲು ನನಗೆ ಅರ್ಧ ಆಯುಷ್ಯ ಹಿಡಿಯಿತು. ಅವರು ಕುರ್ಚಿಯಿಂದ ಎದ್ದು ಮಣ್ಣಿನಲ್ಲಿ ಒಂದು ಗಳಿಗೆ ಮಲಗಿ ಎಲ್ಲರ ಮನಸ್ಸು ಗೆದ್ದರು.

ಅಕ್ಕನ ಮಾತಿನಂತೆ ಅವರನ್ನು ಕೇಳಿದೆ. “ಅಕ್ಕಾರು ಓಡಸ್ತಾರೇನು? ಭೇಷ್” ಎಂದರು. ಅಷ್ಟೇ. ರವಿವಾರ ಬೆಳಿಗ್ಗೆ ಹೊಸಪೇಟೆಯ ಸ್ಟೇಷನ್ ಹಿಂದಿನ ಓಣಿಯಲ್ಲಿ ಒಂದು ಗಾಡಿ ನೋಡುವುದೆಂದಾಯಿತು. ಅಕ್ಕ ಎಮ್ಮಿಗನೂರಿನಿಂದ ಮೊದಲ ಬಸ್ಸಿಗೆ ಬಂದಳು, ರೇಷ್ಮೆಯಂಚಿನ ಸೀರೆಯುಟ್ಟು, ಹೆಣ್ಣು ನೋಡಲು ಹೊರಟವರ ಹಾಗೆ.

ಗಾಡಿ ಬೆಳ್ಳಗೆ ಚೆಂದವಿತ್ತು. ಮುಂದೆ ನಿಂಬೆಹಣ್ಣು, ಮೆಣಸಿನಕಾಯಿಯ ಸರ, ಒಳಗೆ ರಾಯರ ಫೋಟೋ. ಮಾರುವವನು ಕಿರಾಣಿ ಅಂಗಡಿಯವನು, ಮಾತಿಗೆ ಮೆತ್ತಗಿನ ಮನುಷ್ಯ. “ಮನಿ ಗಾಡಿ ಸರ್. ತಿಂಗಳಿಗೊಮ್ಮೆ ಹಂಪಿ, ವರ್ಷಕ್ಕೊಮ್ಮೆ ಮಂತ್ರಾಲಯ. ಅದರಾಚೆ ಎಲ್ಲಿಗೂ ಹೋಗಿಲ್ರಿ” ಎಂದ. ಸರ್ ಬಾಗಿಲು ಎಳೆದರು, ಬೆಣ್ಣೆಯಂತೆ ಜಾರಿತು. ಬೆಲ್ಟು ಎಳೆದರು, ಚೊಕ್ಕಟ. ಪೆಡಲಿನ ರಬ್ಬರು ನೋಡಿ ತಲೆಯಾಡಿಸಿದರು. ಆಮೇಲೆ ಡ್ರೈವರ್ ಸೀಟು ಎತ್ತಿಸಿದರು. ಈ ವ್ಯಾನುಗಳ ಇಂಜಿನ್ ಅದರ ಕೆಳಗೇ ಇರುತ್ತದೆ.

ಒಳಗೆಲ್ಲ ಕೆಂಪು. ಇಂಜಿನ್ನಿನ ನೆತ್ತಿ, ಪಕ್ಕದ ಡಬ್ಬಿ, ಮೂಲೆ ಮೂಲೆ.

ನಮ್ಮ ಕಡೆ ಆಯುಧಪೂಜೆಗೆ ಸೀಟು ಎತ್ತಿ ಇಂಜಿನ್ನಿಗೂ ಕುಂಕುಮ ಹಚ್ಚುವುದು, ಎರಚುವುದು ವಾಡಿಕೆ. ಹಚ್ಚಿದ್ದನ್ನು ಯಾರೂ ಒರೆಸುವುದಿಲ್ಲ; ಮುಂದಿನ ವರ್ಷ ಅದರ ಮೇಲೇ ಇನ್ನಷ್ಟು. ಸರ್ ಈ ವಿಷಯದಲ್ಲಿ ಬಹಳ ಗಟ್ಟಿ. ಎಷ್ಟೇ ಕೆದಕಿ ಗಾಡಿ ನೋಡಿದರೂ ಪೂಜೆಯ ಹೂವು, ನಿಂಬೆಹಣ್ಣು, ಕುಂಕುಮಕ್ಕೆ ಕೈ ಹಚ್ಚುತ್ತಿರಲಿಲ್ಲ. ಆವತ್ತೂ ಮುಟ್ಟದೆ ಕೈ ಮುಗಿದು, “ಭಾಳ ಭಕ್ತಿಯಿಂದ ಪೂಜಾ ಮಾಡ್ಯಾರ” ಎಂದರು. ಅಕ್ಕ ಉಂಗುರದ ಬೆರಳು ಚಾಚಿ, ಒಂದಿಷ್ಟು ತೆಗೆದು ಹಣೆಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಅವಳ ಮನಸ್ಸಿನಲ್ಲಿ ಆ ಗಾಡಿ ಆಗಲೇ ಎಮ್ಮಿಗನೂರಿಗೆ ಹೊರಟಿತ್ತು.

ಆಗ ಅವಳ ಹಣೆಯ ಮೇಲೆ ಬಿಸಿಲು ಬಿತ್ತು. ಆ ಕೆಂಪು ಸಣ್ಣಗೆ ಮಿಂಚಿತು.

ಕುಂಕುಮ ಮಿಂಚುವುದಿಲ್ಲ. ಮಿಂಚುವುದು ಯಾವುದೆಂದು ನನಗೆ ಗೊತ್ತಿತ್ತು. ನನ್ನ ಅಂಗಿಯ ಕಾಲರಿನಲ್ಲಿ, ಕಿವಿಯ ಮಡಿಕೆಯಲ್ಲಿ, ನನ್ನ ಪುಸ್ತಕಗಳ ಹಾಳೆಗಳಲ್ಲಿ ವರ್ಷಗಟ್ಟಲೆ ಮಿಂಚಿದ್ದು ಅದೇ.

“ಅಕ್ಕ, ಅದನ್ನ ಒರೆಸ್ಕೋ” ಎಂದೆ.

“ಲೇ, ದೇವ್ರ ಕುಂಕುಮ ಒರೆಸ್ಕೋ ಅಂತೀಯಾ? ಬುದ್ಧಿ ಐತಿಲ್ಲ ನಿನಗ?”

“ದೇವ್ರದಲ್ಲ ಅಕ್ಕ. ಸಂಡೂರು ಗುಡ್ಡದ್ದು. ಅದಿರಿನ ಧೂಳದು.”

ಅಂಗಡಿಯವನು ಮುಂದೆ ಬಂದ. “ಏನ್ ಮಾತ್ರೀ ಇದು? ಪೂಜಿ ದಿನ ಹುಡುಗ್ರು ಸ್ವಲ್ಪ ಜಾಸ್ತಿ ಹಾಕ್ಯಾವು.”

ಇಂಜಿನ್ನಿಗೆ ಗಾಳಿ ಸೋಸಿ ಕೊಡುವ ಫಿಲ್ಟರಿನ ಡಬ್ಬಿ ಅಲ್ಲೇ ಇತ್ತು. ಕ್ಲಿಪ್ಪು ಸರಿಸಿ ಮುಚ್ಚಳ ತೆಗೆದೆ. ಒಳಗಿನ ಕಾಗದದ ಮಡಿಕೆ ಮಡಿಕೆಯಲ್ಲೂ ಅದೇ ಕೆಂಪು ಗಟ್ಟಿಯಾಗಿ ಕೂತಿತ್ತು. “ಡಬ್ಬಿ ಒಳಗೂ ಪೂಜಿ ಮಾಡ್ತೀರೇನ್ರಿ?” ಎಂದು ಕೇಳಿದೆ. ನನ್ನ ದನಿ ನನಗೇ ಇಂಪಾಗಿ ಕೇಳಿಸಿತು.

ಅಂಗಡಿಯವನ ಮುಖ ಬಿಳಿಚಿತು. ಅವನು ನಾಟಕ ಮಾಡುತ್ತಿರಲಿಲ್ಲ. ಗಣಿಯ ರಸ್ತೆಯಲ್ಲಿ ಯಾರೋ ಓಡಿಸಿದ ಗಾಡಿಯನ್ನು ಆತ ಕೊಂಡಿದ್ದ. ಕೊಂಡ ದಿನವೂ ಒಳಗೆ ಹೀಗೇ ಕೆಂಪಗಿತ್ತು, ಹಿಂದಿನವರ ಪೂಜೆಯ ಕುಂಕುಮವೆಂದು ತಾನೂ ನಂಬಿದ್ದ. “ಒರೆಸಬಾರ್ದಂತ ಬಿಟ್ಟಿದ್ದೆ ಸರ್. ವರ್ಷಾ ವರ್ಷಾ ಅದರ ಮ್ಯಾಲೇ ಹಚ್ಚೀನಿ” ಎಂದ. ಗಣಿಯ ಧೂಳಿಗೆ ಆ ಮನುಷ್ಯ ಪ್ರತಿ ನವರಾತ್ರಿಯಲ್ಲೂ ಕೈ ಮುಗಿದಿದ್ದ.

ಸರ್ ಡಬ್ಬಿಯನ್ನೊಮ್ಮೆ, ಅಕ್ಕನ ಹಣೆಯನ್ನೊಮ್ಮೆ ನೋಡಿದರು. ಆಮೇಲೆ ನಗತೊಡಗಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ನಾನೂ ನಮಸ್ಕಾರ ಮಾಡಿದ್ನಲ್ಲಪಾ. ಬಿ.ಕಾಂ. ಸಾಹೇಬ್ರ, ಇವತ್ತ ನೀವು ಮರ್ಯಾದಿ ಉಳಿಸಿದ್ರಿ” ಎಂದು ನನ್ನ ಬೆನ್ನು ತಟ್ಟಿದರು. ಗಾಡಿ ಹಚ್ಚಿಸಿ, ಹಿಂದೆ ಕರವಸ್ತ್ರ ಹಿಡಿದರು. ಧೂಳು ತಿಂದು ಸವೆದ ಇಂಜಿನ್ ಎಣ್ಣೆ ಸುಡುತ್ತಿತ್ತು. ನೀಲಿ ಹೊಗೆ ಬಂದು ಬಟ್ಟೆಯ ಮೇಲೆ ಕಪ್ಪು ಕಲೆ ಬಿಟ್ಟಿತು. ಅಂಗಡಿಯವನಿಗೂ ಸಮಾಧಾನ ಹೇಳಿ, ಒಳ್ಳೆಯ ಮೆಕ್ಯಾನಿಕ್ಕಿನ ಹೆಸರು ಹೇಳಿ ಬಂದರು.

ಬಸ್‌ಸ್ಟ್ಯಾಂಡಿನ ತನಕ ನಾನು ಎದೆಯುಬ್ಬಿಸಿ ನಡೆದೆ. ಅಕ್ಕ ಏನಾದರೂ ಹೇಳುತ್ತಾಳೆಂದು ಕಾದೆ. ಬಸ್ಸು ಹತ್ತುವಾಗ ಹೇಳಿದಳು: “ನೀ ಡಬ್ಬಿ ತೆಗೀಲಿಲ್ಲಂದ್ರೂ ಸರ್ ಹೊಗಿಯೊಳಗ ಹಿಡೀತಿದ್ರು ಬಿಡು.”

ಖರೆಯೇ. ಹಿಡಿಯುತ್ತಿದ್ದರು. ಆದರೆ ಅದನ್ನು ಆವತ್ತು ಹೇಳಬೇಕಿತ್ತೇ?

ಸೋಮವಾರ ಸ್ಟಾಫ್ ರೂಮಿನಲ್ಲಿ ಸರ್ ಈ ಪ್ರಸಂಗವನ್ನು ತಾವೇ ಹೇಳಿದರು. ತಾವು ಹೇಗೆ ಕೈ ಮುಗಿದರು, ಅಂಗಡಿಯವನು ಹೇಗೆ ಬಾಯಿ ಬಿಟ್ಟ, ಅಕ್ಕ ಹೇಗೆ ಬೈದಳು, ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ನನ್ನನ್ನು ಕಚೇರಿಯಿಂದ ಕರೆಸಿ ನಿಲ್ಲಿಸಿ, “ಕಂಡುಹಿಡಿದವ್ರು ಇವರ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಿ, ಮತ್ತೆ ಅವರ ಕಡೆಗೇ ತಿರುಗಿ, “ಸರ್, ಇನ್ನೊಮ್ಮೆ ಹೇಳ್ರಿ, ಆ ನಮಸ್ಕಾರದ್ದು” ಎಂದರು. ವಾರ ಕಳೆಯುವುದರಲ್ಲಿ ಅದು ಅವರ ಕಥೆಯಾಯಿತು. ಅವರು ಗೆದ್ದಾಗಲೂ ಜನ ಅವರನ್ನು ಮೆಚ್ಚುತ್ತಿದ್ದರು, ತಪ್ಪಿದಾಗ ಇನ್ನೂ ಹೆಚ್ಚು. ನಾನು ತಪ್ಪಿದ್ದರೆ ಅದನ್ನು ಮುಚ್ಚಿಡಲು ಏನೆಲ್ಲ ಮಾಡುತ್ತಿದ್ದೆ. ತಪ್ಪನ್ನು ಹೀಗೆ ಅಂಗೈಯಲ್ಲಿಟ್ಟು ತೋರಿಸಲು ಎಷ್ಟು ತಲೆಮಾರಿನ ಧೈರ್ಯ ಬೇಕೋ ನನಗೆ ಗೊತ್ತಿಲ್ಲ. ನನಗಂತೂ ಅಷ್ಟು ಇರಲಿಲ್ಲ.

ಅಂದಿನಿಂದ ಅವರು ಗಾಡಿ ನೋಡಲು ಹೋದಲ್ಲೆಲ್ಲ ಫಿಲ್ಟರಿನ ಡಬ್ಬಿ ತೆಗೆಸುತ್ತಿದ್ದರು. “ಇದು ನಮ್ಮ ಬಿ.ಕಾಂ. ಸಾಹೇಬ್ರ ಪಾಠ” ಎಂದು ಪ್ರತಿಸಲ ಹೇಳುತ್ತಿದ್ದರಂತೆ. ಗಾಡಿ ನೋಡಲು ನನ್ನನ್ನು ಮಾತ್ರ ಯಾರೂ ಕರೆಯಲಿಲ್ಲ.

ಎರಡನೆಯ ಗಾಡಿ ಕಂಪ್ಲಿಯಲ್ಲಿ ಸಿಕ್ಕಿತು. ಮದುವೆಗಳ ಫೋಟೋ ತೆಗೆಯುವವನದು. ಕ್ಯಾಮರಾ, ಲೈಟುಗಳಿಗೆ ಪೆಟ್ಟಾಗದ ಹಾಗೆ ಗಾಡಿಯನ್ನು ನಿಧಾನವಾಗಿ ಓಡಿಸಿಕೊಂಡಿದ್ದ. ಯಾಕೆ ಮಾರುತ್ತೀರಿ ಎಂಬುದಕ್ಕೆ, ಸಾಮಾನು ಹೆಚ್ಚಾಗಿವೆ, ದೊಡ್ಡ ಗಾಡಿ ಬೇಕು ಎಂದ. ಟೈರು ನೋಡುವಾಗಲೂ ಅದನ್ನೇ ಹೇಳಿದ, ಚಪ್ಪಲಿ ಮೆಟ್ಟುವ ಹೊತ್ತಿಗೂ ಅದನ್ನೇ. ಸರ್ ಬೆಲ್ಟು ಎಳೆದರು, ಗಾಜುಗಳನ್ನೆಲ್ಲ ಏರಿಸಿ 'ಒಳಗ ಕುಂತು ವಾಸನಿ ನೋಡಬೇಕು' ಎಂದು ಕೂತು ಮೂಸಿದರು, ನೆಲದ ಮ್ಯಾಟು ಎತ್ತಿಸಿ ಕೆಳಗಿನ ತಗಡು ತಟ್ಟಿದರು, ಚಾದರ ಹಾಸಿ ಮಲಗಿದರು. ಜನ ಸೇರಿದರು. ಫಿಲ್ಟರಿನ ಡಬ್ಬಿಯನ್ನು ನಾನೇ ತೆಗೆದೆ. ಬೂದಿಬಣ್ಣದ ಸಾದಾ ಧೂಳು. ಕಾಗದಗಳನ್ನೂ ನಾನೇ ನೋಡಿದೆ: ಗಾಡಿಯ ಮೇಲಿನ ಚಾಸಿ ನಂಬರಿಗೂ ಆರ್.ಸಿ.ಯ ನಂಬರಿಗೂ ತಾಳೆ ಇದೆಯೇ, ಬ್ಯಾಂಕಿನ ಸಾಲ ತೀರಿದ ಪತ್ರ ಇದೆಯೇ, ದಂಡ ಬಾಕಿ ಇದೆಯೇ, ಮಕ್ಕಳನ್ನು ಸಾಗಿಸಲು ಹಳದಿ ಬೋರ್ಡು ಮಾಡಿಸಲು ಅಡ್ಡಿ ಉಂಟೇ. ಕಚೇರಿಯ ಕೆಲಸ ಸರ್‌ಗೆ ಆಗಿಬರುತ್ತಿರಲಿಲ್ಲ, ಫಾರಂ ಕಂಡರೆ ಆಕಳಿಸುತ್ತಿದ್ದರು. ಅಲ್ಲಿ ನಾನೇ ರಾಜ.

ಕೊನೆಗೆ ಓಡಿಸಿ ನೋಡುವ ಹೊತ್ತು. ನಾನು ಕೀಲಿಗೆ ಕೈ ಚಾಚಿದೆ.

“ಗಾಡಿ ಯಾರಿಗಪಾ?” ಎಂದರು ಸರ್.

“ಅಕ್ಕಗ್ರೀ.”

“ಮತ್ತ ಕೀಲಿ ನಿಮಗ ಯಾಕ?”

ಕೀಲಿಯನ್ನು ಅಕ್ಕನ ಕೈಗೆ ಕೊಟ್ಟು, ತಾವು ಹಿಂದಿನ ಸೀಟಿನಲ್ಲಿ, ಮಕ್ಕಳು ಕೂರುವ ಕಡೆ, ಮೊಣಕಾಲು ಮಡಿಚಿಕೊಂಡು ಕೂತರು. “ಕಾಲುವಿ ರಸ್ತಾಕ್ಕ ಹೋಗೂಣು ತಾಯಿ. ಕುಣಿ ತಪ್ಪಿಸಬ್ಯಾಡ್ರಿ, ಕುಣಿಯೊಳಗ ಹೋಗ್ರಿ. ಹಿಂದ ಕೂಡೂ ಹುಡುಗ್ರಿಗೆ ಹೆಂಗ ಆಗ್ತದ ನೋಡ್ತೀನಿ.” ನಾನು ಅವರ ಪಕ್ಕದಲ್ಲಿ ಕೂತೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿ ಹೊರಡಿಸಿದಳು. ಎರಡೂ ಕಡೆ ಭತ್ತದ ಗದ್ದೆ. ನಾಟಿ ಮಾಡುತ್ತಿದ್ದ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನಿಂತು ನೋಡಿದರು. ಅವಳು ಅವರ ಕಡೆ ತಿರುಗಲಿಲ್ಲ, ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ತಿರುಗಿ ಬಂದ ಮೇಲೆ ಸರ್ ಏನು ಹೇಳುತ್ತಾರೆಂದು ನಾನೂ ಫೋಟೋದವನೂ ಅವರ ಬಾಯಿ ನೋಡುತ್ತ ನಿಂತೆವು. ಅವರು ಅಕ್ಕನಿಗೆ ಕೇಳಿದರು: “ಹೆಂಗದ ತಾಯಿ?”

“ಮೂರನೇ ಗೇರು ಸ್ವಲ್ಪ ಬಿಗಿ ಐತ್ರಿ. ಬ್ರೇಕು ಹಿಡಿದ್ರ ಎಡಕ್ಕ ಎಳೀತೈತಿ, ಚೂರು. ಇಂಜಿನ್ ಒಳ್ಳೇದೈತ್ರಿ. ಏರಿನಾಗ ಉಸ್ ಅನ್ಲಿಲ್ಲ.”

“ನಾ ಹೇಳೂದೇನೂ ಉಳೀಲಿಲ್ಲ” ಎಂದು ಸರ್ ಫೋಟೋದವನ ಕಡೆ ತಿರುಗಿದರು. “ಬ್ರೇಕು ಸರಿ ಮಾಡಿಸಿ ಕೊಡ್ರಿ. ಗಾಡಿ ಅವರದು.”

ಅಕ್ಕ ಅಲ್ಲೇ ನಿಂತಿದ್ದಳು, ಕೀಲಿ ಹಿಡಿದು. ನಾನು ಪದವಿ ತಂದ ದಿನ ಅವಳು ಅತ್ತಿದ್ದಳು, ಊರಿಗೆಲ್ಲ ಸಕ್ಕರೆ ಹಂಚಿದ್ದಳು. ಆದರೆ ಹೀಗೆ ನಿಂತಿದ್ದನ್ನು ನಾನು ಕಂಡಿರಲಿಲ್ಲ. ಅವಳನ್ನು ಹೀಗೆ ನಿಲ್ಲಿಸಬೇಕೆಂದು ನಾನು ವರ್ಷಗಳಿಂದ ಓದಿದ್ದು, ದುಡಿದದ್ದು, ಕೂಡಿಟ್ಟದ್ದು. ಅವರು ಬಂದು ‘ಹೆಂಗದ ತಾಯಿ’ ಎಂದರು, ಆಯಿತು. ಆ ದಿನ ನನಗಾದ ಸಂಕಟ ಯಾವ ಪರೀಕ್ಷೆಯಲ್ಲೂ ಆಗಿರಲಿಲ್ಲ.

ಗಾಡಿ ಎಮ್ಮಿಗನೂರಿಗೆ ಹೋಯಿತು. ಹೆಸರು ಬದಲಾಯಿಸುವ ಓಡಾಟ ನಾನು ಮಾಡುತ್ತಿದ್ದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಪೂಜೆಗೆ ಕೂತ ಸರ್ ಏಳಲೇ ಇಲ್ಲ ಎಂಬ ಸುದ್ದಿ ಬಂತು.

ಅವರ ಮನೆಯ ಓಣಿಗೆ ಹೋದಾಗ ನಡೆಯಲು ಜಾಗವಿರಲಿಲ್ಲ. ಓಣಿಯ ಎರಡೂ ಬದಿ ಹಳೆಯ ವ್ಯಾನುಗಳು. ಬಿಳಿ, ಬೂದಿ, ನೀಲಿ. ಸಂಡೂರಿನವು, ಕಂಪ್ಲಿಯವು, ಹಂಪಿಯವು, ಚೋರನೂರಿನಿಂದ ಬಂದದ್ದೂ ಒಂದು. ಎಲ್ಲ ಅವರು ನೋಡಿ ಆಯ್ದು ಕೊಡಿಸಿದ್ದು. ಒಂದರ ಬಾಗಿಲೂ ಜೋತುಬಿದ್ದಿರಲಿಲ್ಲ. ಅಕ್ಕನ ಗಾಡಿಯೂ ಆ ಸಾಲಿನಲ್ಲಿತ್ತು. ಮಕ್ಕಳನ್ನು ಶಾಲೆಗೆ ಬಿಟ್ಟು ನೇರ ಬಂದಿದ್ದಳು. ಒಳಗೆ ಹೋಗಿ ಕೈ ಮುಗಿದು ಬಂದು ನಾನು ಆ ಸಾಲಿನ ತುದಿಯಲ್ಲಿ ನಿಂತೆ. ನಾನು ಸತ್ತರೆ ಓಣಿ ಹೀಗೆ ತುಂಬೀತೇ ಎಂದು ಯೋಚಿಸಿದೆ. ಹೆಣ ಇನ್ನೂ ಒಳಗಿತ್ತು, ನನಗೆ ಆಗಲೂ ಕಿಚ್ಚು.

ಪಕ್ಕದಲ್ಲಿದ್ದ ಡ್ರೈವರನೊಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ: “ಇನ್ನ ಗಾಡಿ ನೋಡಾಕ ಯಾರ್ನ ಕರೀಬೇಕೋ ಮಾರಾಯ.” ಆ ಇನ್ನೊಬ್ಬ ಸುತ್ತ ನೋಡಿದ. ನನ್ನನ್ನೂ ನೋಡಿದ. ನೋಡಿ, “ಯಾರೂ ಇಲ್ಲ ಬಿಡು” ಎಂದ.

ಆಮೇಲೆ ಕೆಲವು ವಾರಗಳಿಗೆ ಆರ್.ಸಿ. ಆಯಿತು. ಆರ್.ಟಿ.ಓ. ಕಚೇರಿಯಿಂದ ಆ ಕಾರ್ಡು ತೆಗೆದುಕೊಂಡು, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಎಮ್ಮಿಗನೂರಿನ ಬಸ್ಸು ಹತ್ತಿದೆ. ಸಂಜೆಯ ಮಕ್ಕಳನ್ನು ಮನೆಗಳಿಗೆ ಬಿಟ್ಟು ಬಂದ ಅಕ್ಕ ಅಂಗಳದಲ್ಲಿ ವ್ಯಾನು ತೊಳೆಯುತ್ತಿದ್ದಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು, ಗಾಡಿಯ ಒಂದು ಬದಿ ಮಾತ್ರ ಹೊಳೆಯುತ್ತಿತ್ತು.

ಕಾರ್ಡು ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು. ಇಂಗ್ಲಿಷ್ ಅಕ್ಷರ. ಅವಳ ಹೆಸರು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದೆ. ಹೆಬ್ಬೆರಳಿನಿಂದ ಆ ಜಾಗವನ್ನು ಸವರಿದಳು. ಅವಳು ಯಾರನ್ನು ನೆನೆಯುತ್ತಿದ್ದಾಳೆಂದು ನನಗೆ ಅನುಮಾನವಿರಲಿಲ್ಲ. ನಾನೇ ಹೇಳಿಬಿಟ್ಟೆ: “ಸರ್ ಇದ್ದಿದ್ರ ಅವರ ಕೈಲಿಂದಾನ ಕೊಡಿಸ್ತಿದ್ದೆ.”

ಅಕ್ಕ ಕಾರ್ಡನ್ನು ರವಿಕೆಯೊಳಗೆ ಇಟ್ಟುಕೊಂಡು ನನ್ನನ್ನು ನೋಡಿದಳು.

“ಸರ್ ಬಂದಿದ್ರ ಕಾಲಿಗೆ ಬಿದ್ದು, ಚಾ ಕೊಟ್ಟು, ಕೈ ಮುಗುದು ಕಳಿಸ್ತಿದ್ದೆ. ನೀ ಮನಿಯಾವ, ನೀ ಎಲ್ಲಿಗೆ ಹೊಂಟಿ? ಆ ಬಕೀಟು ಹಿಡಿ, ಆ ಕಡಿ ಬಾಗ್ಲ ತೊಳಿ.”